ಊದಿದ ಮೇಲೆ ಏನಾಗಬೇಕು: ಕುಡಿದು ಚಾಲನೆ ತಪಾಸಣೆ ಮತ್ತು ಚಾಲಕನ ಹಕ್ಕುಗಳು

(ಟ್ಯಾಕ್ಸಿ, ಆಟೊ ಮತ್ತು ಸರಕು ವಾಹನ ಚಾಲಕರ ಸಭೆಯೊಂದರಲ್ಲಿ ವಕೀಲರೊಬ್ಬರು ನೀಡಿದ ಉಪನ್ಯಾಸದ ಬರಹ ರೂಪ)

ಮಾನ್ಯರೇ,

ಈ ಸಭೆಗೆ ಮುಂಚೆ ನೀವು ಬರೆದುಕೊಟ್ಟ ಪ್ರಶ್ನೆಗಳನ್ನು ಓದಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ರಾತ್ರಿ ನಾಕಾಬಂದಿಯಲ್ಲಿ ಪೊಲೀಸರು ಆಲ್ಕೋಮೀಟರನ್ನು, ಅಂದರೆ ಉಸಿರಿನ ಮದ್ಯಾಂಶ ಅಳೆಯುವ ಯಂತ್ರವನ್ನು, ಬಾಯಿಯ ಮುಂದೆ ಹಿಡಿದಾಗ ಊದುವುದಿಲ್ಲ ಎನ್ನುವ ಹಕ್ಕು ಚಾಲಕನಿಗೆ ಇದೆಯೇ, ಇಲ್ಲವೇ? ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಅಂಥ ಹಕ್ಕು ಇಲ್ಲ. ‘ಊದದಿದ್ದರೆ ಕೇಸೇ ನಿಲ್ಲುವುದಿಲ್ಲ’ ಎಂಬ ಮಾತು ಸ್ಟ್ಯಾಂಡಿನಿಂದ ಸ್ಟ್ಯಾಂಡಿಗೆ ಹಬ್ಬಿದೆ. ಅದನ್ನು ನಂಬಿ ಕೆಟ್ಟವರನ್ನು ನಾನು ನ್ಯಾಯಾಲಯದ ಮೊಗಸಾಲೆಯಲ್ಲಿ ನೋಡುತ್ತಲೇ ಇರುತ್ತೇನೆ. ಮೋಟಾರು ವಾಹನ ಕಾಯ್ದೆ, 1988ರ 203ನೇ ಕಲಮಿನ ಪ್ರಕಾರ, ಊದಲು ನಿರಾಕರಿಸಿದ ಚಾಲಕನ ಮೈಯಲ್ಲಿ ಮದ್ಯವಿದೆಯೆಂದು ಸಂಶಯಪಡಲು ಸಕಾರಣವಿದ್ದರೆ ಅವನನ್ನು ವಾರಂಟ್ ಇಲ್ಲದೆ ಬಂಧಿಸಬಹುದು. 204ನೇ ಕಲಮಿನಂತೆ ಠಾಣೆಯಲ್ಲಿ ವೈದ್ಯರ ಮೂಲಕ ರಕ್ತದ ಮಾದರಿ ಕೊಡುವಂತೆ ಕೇಳಬಹುದು. ಅದನ್ನೂ ಕೊಡದಿದ್ದರೆ, ನಿರಾಕರಣೆಗೆ ಸರಿಯಾದ ಕಾರಣ ತೋರಿಸದ ಹೊರತು, ಆ ನಿರಾಕರಣೆಯನ್ನೇ ಪ್ರಾಸಿಕ್ಯೂಷನ್ ಸಾಕ್ಷ್ಯಕ್ಕೆ ಬಲ ಕೊಡುವ ಸಂಗತಿಯೆಂದು ನ್ಯಾಯಾಲಯ ಪರಿಗಣಿಸಬಹುದು ಎನ್ನುತ್ತದೆ 205ನೇ ಕಲಂ.

ಓದಿಕೊಂಡ ಯುವಕರು ಸಂವಿಧಾನದ 20(3)ನೇ ವಿಧಿಯನ್ನು ಮುಂದಿಡುತ್ತಾರೆ. ಆರೋಪಿಯನ್ನು ತನ್ನ ವಿರುದ್ಧ ತಾನೇ ಸಾಕ್ಷಿಯಾಗುವಂತೆ ಬಲವಂತ ಮಾಡಬಾರದು ಎಂದು ಆ ವಿಧಿ ಹೇಳುವುದು ನಿಜ. ಆದರೆ 1961ರಲ್ಲೇ ಕಾಥಿ ಕಾಲು ಓಘಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠವು, ಬೆರಳಚ್ಚು, ಕೈಬರಹದಂಥ ಮಾದರಿಗಳನ್ನು ಕೊಡುವುದು ಸಾಕ್ಷಿ ಹೇಳಿದಂತಾಗುವುದಿಲ್ಲ ಎಂದು ತೀರ್ಮಾನಿಸಿತು. ಕರ್ನಾಟಕದಿಂದಲೇ ಹೋದ ಸೆಲ್ವಿ ಪ್ರಕರಣದಲ್ಲಿ 2010ರಲ್ಲಿ ಅದೇ ನ್ಯಾಯಾಲಯವು ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆಗಳನ್ನು ಒಪ್ಪಿಗೆಯಿಲ್ಲದೆ ಮಾಡುವಂತಿಲ್ಲ ಎಂದು ಹೇಳಿದಾಗಲೂ, ಮನಸ್ಸಿನೊಳಗಿನದನ್ನು ಹೊರಗೆಳೆಯುವುದಕ್ಕೂ ದೇಹದ ಮಾದರಿ ಪಡೆಯುವುದಕ್ಕೂ ಇರುವ ಅಂತರವನ್ನು ಉಳಿಸಿಕೊಂಡಿತು. ಉಸಿರು ಮತ್ತು ರಕ್ತ ಈ ಎರಡನೆಯ ಗುಂಪಿಗೆ ಸೇರುತ್ತವೆ.

ಹಾಗಾದರೆ ಚಾಲಕನ ಹಕ್ಕು ಎಲ್ಲಿದೆ? ಊದಿದ ಮೇಲೆ ಏನೇನು ಆಗಬೇಕು ಎಂಬುದರಲ್ಲಿದೆ. ಒಬ್ಬ ಮನುಷ್ಯ ಕುಡಿದಿದ್ದಾನೆ ಎನ್ನುವುದನ್ನು ಪೊಲೀಸರ ಅನಿಸಿಕೆಗೆ ಬಿಡದೆ, ಯಂತ್ರ, ಸಮಯ, ಕಾಗದ, ವೈದ್ಯ, ನ್ಯಾಯಾಲಯ ಎಂಬ ಹಂತಗಳ ಮೂಲಕವೇ ತೋರಿಸಬೇಕು ಎಂದು ಕಾಯ್ದೆ ಕಟ್ಟು ಹಾಕಿದೆ. ಈ ಹಂತಗಳನ್ನು ತಿಳಿದವನು ರಸ್ತೆಯ ಮೇಲೆ ಜಗಳವಾಡಬೇಕಾಗಿಲ್ಲ. ಕುಡಿಯದೆ ಓಡಿಸುವ ಬಹುಪಾಲು ಚಾಲಕರಿಗೆ ಇವು ಎಷ್ಟು ಬೇಕೋ, ಕುಡಿದು ಸಿಕ್ಕಿಬಿದ್ದವನಿಗೂ ಅಷ್ಟೇ ಬೇಕು. ಏಕೆಂದರೆ ತಪ್ಪಿಗೆ ಕಾನೂನು ಹೇಳಿದಷ್ಟೇ ಶಿಕ್ಷೆಯಾಗಬೇಕು, ಅದಕ್ಕಿಂತ ಹೆಚ್ಚಲ್ಲ. ಕುಡಿದವನ ವಾಹನಕ್ಕೆ ಸಿಕ್ಕಿ ಸತ್ತವರ ಮನೆಯವರ ಪರವಾಗಿಯೂ ನಾನು ವಾದಿಸಿದ್ದೇನೆ. ಈ ತಪಾಸಣೆ ಬೇಕೇ ಬೇಕು ಎಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ.

ತಡೆಯುವ ಹಂತದಿಂದ ಪ್ರಾರಂಭಿಸೋಣ. ಕಣ್ಣಿಗೆ ಕಾಣುವ ಸಂಚಾರ ಉಲ್ಲಂಘನೆ ಇಲ್ಲದೆ ಕೇವಲ ದಾಖಲೆ ನೋಡಲು ವಾಹನ ತಡೆಯಬಾರದು ಎಂದು 2022ರ ಜೂನ್‌ನಲ್ಲಿ ರಾಜ್ಯದ ಆಗಿನ ಪೊಲೀಸ್ ಮಹಾನಿರ್ದೇಶಕ ಪ್ರವೀಣ್ ಸೂದ್ ಸೂಚಿಸಿದ್ದರು. ಅದಕ್ಕಿದ್ದ ವಿನಾಯಿತಿ ಕುಡಿದು ಚಾಲನೆಯ ತಪಾಸಣೆ ಮಾತ್ರ. ಆದ್ದರಿಂದ ರಾತ್ರಿ ಬ್ಯಾರಿಕೇಡ್ ಹಾಕಿ ನಿಲ್ಲಿಸಿದಾಗ ‘ನಾನೇನು ತಪ್ಪು ಮಾಡಿದೆ’ ಎಂದು ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ, ನಿಲ್ಲಿಸಲೇಬೇಕು. ಹಾಗೆಯೇ ನಿಲ್ಲಿಸುವ ಕ್ರಮಕ್ಕೂ ಮಿತಿಯಿದೆ. 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ಸಂಚಾರ ಪೊಲೀಸರು ಬೈಕ್ ತಡೆದ ಸಂದರ್ಭದಲ್ಲಿ ಪುಟ್ಟ ಮಗುವೊಂದು ಕೆಳಗೆ ಬಿದ್ದು ಪ್ರಾಣ ಕಳೆದುಕೊಂಡಿದ್ದು ನಿಮಗೆಲ್ಲ ನೆನಪಿರಬಹುದು. ಆ ಬಳಿಕ ವಾಹನಗಳಿಗೆ ದಿಢೀರನೆ ಅಡ್ಡ ಬರಬಾರದು, ಕೀ ಕಿತ್ತುಕೊಳ್ಳಬಾರದು ಎಂಬ ಸೂಚನೆ ರಾಜ್ಯ ಪೊಲೀಸ್ ಮುಖ್ಯಸ್ಥರಿಂದಲೇ ಹೊರಟಿತು. ಓಡುತ್ತಿರುವ ಬೈಕಿನ ಕೀಗೆ ಕೈ ಹಾಕುವ ಅಧಿಕಾರ ಮೋಟಾರು ವಾಹನ ಕಾಯ್ದೆಯ ಯಾವ ಕಲಮಿನಲ್ಲೂ ಇಲ್ಲ.

ಊದಲು ಹೇಳುವವರು ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಅಥವಾ ಅಧಿಕಾರ ಪಡೆದ ಸಾರಿಗೆ ಇಲಾಖೆಯ ಅಧಿಕಾರಿ ಆಗಿರಬೇಕು. ಮಫ್ತಿಯಲ್ಲಿರುವವರು ಯಂತ್ರ ಹಿಡಿದರೆ ಸಮವಸ್ತ್ರದಲ್ಲಿರುವ ಅಧಿಕಾರಿಯನ್ನು ಕರೆಯಿರಿ ಎಂದು ಕೇಳುವುದು ಸರಿಯಾದ ಕೋರಿಕೆ. ಊದಬೇಕಾದವನು ಸಾರ್ವಜನಿಕ ಸ್ಥಳದಲ್ಲಿ ವಾಹನ ಓಡಿಸುತ್ತಿರುವವನು ಅಥವಾ ಓಡಿಸಲು ಪ್ರಯತ್ನಿಸುತ್ತಿರುವವನು ಮಾತ್ರ. ಹಿಂದಿನ ಸೀಟಿನಲ್ಲಿ ಕುಳಿತ ಪ್ರಯಾಣಿಕ ಎಷ್ಟೇ ಕುಡಿದಿದ್ದರೂ ಅವನನ್ನು ಊದಿಸಲು 203ನೇ ಕಲಂ ಅಧಿಕಾರ ಕೊಡುವುದಿಲ್ಲ. ಆದರೆ ಚಾಲಕ ಕುಡಿದಿದ್ದಾನೆಂದು ತಿಳಿದೂ ‘ಪರವಾಗಿಲ್ಲ, ಎತ್ತು ಗಾಡಿ’ ಎಂದು ಹುರಿದುಂಬಿಸಿದ ಗೆಳೆಯನಿಗೆ ಅಥವಾ ಮಾಲೀಕನಿಗೆ 188ನೇ ಕಲಮಿನಲ್ಲಿ ಕುಮ್ಮಕ್ಕಿಗಾಗಿ ಅದೇ ಶಿಕ್ಷೆಯಾಗಬಹುದು. ಟ್ರಿಪ್ ಮುಗಿಸಲೇಬೇಕೆಂದು ಒತ್ತಾಯಿಸುವ ಮಾಲೀಕರಿಗೆ ಈ ಕಲಮನ್ನು ತೋರಿಸಿ.

ಇನ್ನೊಂದು ಮಾತು. ಅಪರಾಧ ನಡೆದಿದೆ ಎಂದು ಸಂಶಯಪಡಲು ಸಕಾರಣವಿದ್ದರೆ ಊದಿಸಬಹುದು ಎಂಬುದು 203ನೇ ಕಲಮಿನ ಷರತ್ತು. ಸಾಲಾಗಿ ಬಂದವರನ್ನೆಲ್ಲ ಊದಿಸುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ನನ್ನ ಅಭಿಪ್ರಾಯದಲ್ಲಿ, ಮಾತನಾಡಿಸಿ, ವಾಸನೆ ಅಥವಾ ತೊದಲು ಮಾತು ಗಮನಿಸಿ, ಆಮೇಲೆ ಊದಿಸುವುದೇ ಕಾಯ್ದೆಗೆ ಹೊಂದುವ ಕ್ರಮ. ಆದರೆ ಇದನ್ನು ನಾಕಾಬಂದಿಯಲ್ಲಿ ವಾದಿಸಬೇಡಿ. ಸಂಶಯಕ್ಕೆ ಏನು ಕಾರಣವಿತ್ತು ಎಂಬ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ನಿಮ್ಮ ವಕೀಲರು ಕೇಳುತ್ತಾರೆ.

ಈಗ ಯಂತ್ರದ ವಿಷಯ. ಕುಡಿದು ಚಾಲನೆಗೆ ಶಿಕ್ಷೆ ಹೇಳುವ 185ನೇ ಕಲಮಿನ ಅಪರಾಧವೆಂದರೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ‘ಮೀರಿದ’ ಮದ್ಯಾಂಶ. ಸರಿಯಾಗಿ 30 ಇದ್ದರೆ ಅಪರಾಧವಿಲ್ಲ. ಯಂತ್ರ ರಕ್ತವನ್ನು ನೋಡುವುದೇ ಇಲ್ಲ ಎಂಬುದು ನೆನಪಿರಲಿ. ಶ್ವಾಸಕೋಶದ ಆಳದಿಂದ ಬಂದ ಉಸಿರಿನಲ್ಲಿರುವ ಮದ್ಯಾಂಶವನ್ನು ಅಳೆದು, ಸಾಮಾನ್ಯವಾಗಿ ಒಂದಕ್ಕೆ 2,100ರ ಅನುಪಾತದಲ್ಲಿ ಗುಣಿಸಿ, ರಕ್ತದಲ್ಲಿ ಇಷ್ಟಿರಬೇಕು ಎಂದು ಅದು ಲೆಕ್ಕ ಹಾಕುತ್ತದೆ. ಬಹುತೇಕ ಯಂತ್ರಗಳೊಳಗೆ ಇರುವುದು ಒಂದು ಚಿಕ್ಕ ಫ್ಯುಯೆಲ್ ಸೆಲ್. ಉಸಿರಿನ ಮದ್ಯಾಂಶ ಅಲ್ಲಿ ರಾಸಾಯನಿಕ ಕ್ರಿಯೆಗೆ ಒಳಗಾಗಿ ಹುಟ್ಟಿಸುವ ವಿದ್ಯುತ್ತಿನ ಪ್ರಮಾಣದಿಂದ ಅಂಕಿ ಬರುತ್ತದೆ. ಈ ಸೆಲ್ ಕಾಲಕ್ರಮೇಣ ಸವೆಯುತ್ತದೆ, ಆದ್ದರಿಂದಲೇ ಯಂತ್ರವನ್ನು ನಿಯತವಾಗಿ ಕ್ಯಾಲಿಬ್ರೇಷನ್ (ಅಳತೆ ಸರಿಯಿದೆಯೇ ಎಂಬ ಪರಿಶೀಲನೆ) ಮಾಡಿಸಿ ಪ್ರಮಾಣಪತ್ರ ಇಟ್ಟುಕೊಳ್ಳಬೇಕು. ಜೊತೆಗೆ, ಯಂತ್ರವು ಕೇಂದ್ರ ಸರ್ಕಾರ ರಾಜಪತ್ರದ ಅಧಿಸೂಚನೆಯ ಮೂಲಕ ಅನುಮೋದಿಸಿದ ಮಾದರಿಯದ್ದಾಗಿರಬೇಕು ಎಂದು 203ನೇ ಕಲಮಿನ ವಿವರಣೆಯೇ ಹೇಳುತ್ತದೆ.

ಬಾಯಿಯಲ್ಲಿ ಉಳಿದ ಮದ್ಯಾಂಶ ಯಂತ್ರವನ್ನು ದಾರಿ ತಪ್ಪಿಸಬಲ್ಲದು. ಮದ್ಯಸಾರವಿರುವ ಮೌತ್‌ವಾಶ್, ಕೆಲವು ಕೆಮ್ಮಿನ ಸಿರಪ್‌ಗಳು, ಹೋಮಿಯೋಪಥಿ ಹನಿಗಳು, ಹುದುಗು ಬರಿಸಿದ ಆಯುರ್ವೇದದ ಅರಿಷ್ಟಗಳು ಬಾಯಲ್ಲಿ ಇದ್ದಾಗ ಊದಿದರೆ ರಕ್ತದಲ್ಲಿ ಇಲ್ಲದ್ದು ಅಂಕಿಯಲ್ಲಿ ಕಾಣಿಸಿಕೊಳ್ಳಬಹುದು. ಹದಿನೈದು ನಿಮಿಷ ಕಳೆದರೆ ಬಾಯಿಯ ಮದ್ಯಾಂಶ ಬಹುತೇಕ ಹೋಗಿರುತ್ತದೆ. ಹಾಗಾಗಿ ಅಂಥದ್ದೇನಾದರೂ ತೆಗೆದುಕೊಂಡಿದ್ದರೆ ಊದುವ ಮೊದಲೇ ಅದನ್ನು ಹೇಳಿ, ಬಾಯಿ ಮುಕ್ಕಳಿಸಲು ನೀರು ಕೇಳಿ, ಹದಿನೈದು ನಿಮಿಷ ಬಿಟ್ಟು ಮತ್ತೊಮ್ಮೆ ಊದಿಸಿ ಎಂದು ಕೋರಿ. ಕಾಯ್ದೆಯೇ ‘ಒಂದು ಅಥವಾ ಹೆಚ್ಚು’ ಉಸಿರಿನ ಮಾದರಿಗಳ ಮಾತನಾಡುತ್ತದೆ. ಬಂಧನವಾದರೆ ಠಾಣೆಯಲ್ಲಿ ಮತ್ತೊಮ್ಮೆ ಊದಲು ಅವಕಾಶ ಕೊಡಲೇಬೇಕು ಎಂದು 203(5) ಹೇಳುತ್ತದೆ. ಈ ಐದನೆಯ ಉಪಕಲಂ ಅಚ್ಚುಕಟ್ಟಾದ ರಕ್ಷಣೆ, ಆದರೆ ಕೇಳುವವರೇ ಇಲ್ಲ. ಹೊಸ ಕೊಳವೆಯನ್ನು ಕಣ್ಣೆದುರೇ ಹಾಕಲಿ, ಊದುವ ಮುನ್ನ ಪರದೆಯ ಮೇಲೆ ಸೊನ್ನೆ ಇರುವುದನ್ನು ತೋರಿಸಲಿ. ಇದನ್ನು ಕೇಳಲು ಸಂಕೋಚ ಬೇಡ.

ಊದಿದ ಮೇಲೆ ಹಲವು ಯಂತ್ರಗಳಿಂದ ಬಸ್ ಟಿಕೆಟ್ಟಿನಷ್ಟು ಅಗಲದ ಚೀಟಿ ಹೊರಬರುತ್ತದೆ. ಅದರ ಮೇಲೆ ಯಂತ್ರದ ಸಂಖ್ಯೆ, ಪರೀಕ್ಷೆಯ ಕ್ರಮಸಂಖ್ಯೆ, ದಿನಾಂಕ, ಗಂಟೆ ನಿಮಿಷ, ಅಂಕಿ ಇರುತ್ತವೆ. ಹೆಸರು, ವಾಹನದ ನಂಬರು ಮತ್ತು ಸಹಿಗೆ ಜಾಗವಿರುತ್ತದೆ. ಮೊಕದ್ದಮೆಯ ಜೀವ ಈ ಚೀಟಿಯಲ್ಲಿದೆ. ಒಬ್ಬ ಟ್ಯಾಕ್ಸಿ ಚಾಲಕರು ನನ್ನ ಕಚೇರಿಗೆ ತಂದಿದ್ದ ಚೀಟಿಯಲ್ಲಿ ಅಂಕಿ 34 ಎಂದಿತ್ತು. ಅವರನ್ನು ತಡೆದದ್ದು ರಾತ್ರಿ, ಚೀಟಿಯ ಮೇಲೆ ಅಚ್ಚಾಗಿದ್ದ ಸಮಯ ಮಧ್ಯಾಹ್ನದ್ದು. ಯಂತ್ರದ ಗಡಿಯಾರವನ್ನು ಯಾರೂ ಸರಿಪಡಿಸಿರಲಿಲ್ಲ. ಗಡಿಯಾರ ತಪ್ಪಿದ್ದ ಮಾತ್ರಕ್ಕೆ ಅಂಕಿಯೂ ತಪ್ಪು ಎಂದು ಹೇಳಲಾಗದು. ಆದರೆ ಆ ಚೀಟಿ ಆ ರಾತ್ರಿ ಆ ಮನುಷ್ಯ ಊದಿದ್ದೇ ಹೌದು ಎಂದು ಸಾಬೀತು ಮಾಡುವ ಹೊಣೆ ಪ್ರಾಸಿಕ್ಯೂಷನ್ ಮೇಲೆ ಬೀಳುತ್ತದೆ. ನಾಲ್ಕು ಮಿಲಿಗ್ರಾಂ ಹೆಚ್ಚಿಗೆಯ ಪ್ರಕರಣದಲ್ಲಿ ಅದು ಸಣ್ಣ ಹೊಣೆಯಲ್ಲ. ಆದ್ದರಿಂದ ಸಹಿ ಹಾಕುವ ಮೊದಲು ಚೀಟಿಯನ್ನು ದೀಪದ ಕೆಳಗೆ ಹಿಡಿದು ಓದಿ. ಖಾಲಿ ಚೀಟಿಗೆ, ಖಾಲಿ ಫಾರಂಗೆ ಸಹಿ ಬೇಡ. ಒಂದು ಪ್ರತಿ ಕೇಳಿ, ಕೊಡದಿದ್ದರೆ ಫೋಟೊ ತೆಗೆದುಕೊಳ್ಳಲು ಅನುಮತಿ ಕೇಳಿ. ತಪಾಸಣೆಯನ್ನು ಮೊಬೈಲಿನಲ್ಲಿ ಚಿತ್ರೀಕರಿಸುವುದನ್ನು ಮೋಟಾರು ವಾಹನ ಕಾಯ್ದೆ ನಿಷೇಧಿಸಿಲ್ಲ. ಆದರೆ ದೂಡಾಟ, ಬೈಗುಳಕ್ಕೆ ಇಳಿದರೆ ಕರ್ತವ್ಯಕ್ಕೆ ಅಡ್ಡಿ ಎಂಬ ಬೇರೆಯೇ ಪ್ರಕರಣ ಹುಟ್ಟುತ್ತದೆ, ಅದು ಇದಕ್ಕಿಂತ ದೊಡ್ಡದು.

ಸಮಯದ ಬಗ್ಗೆ ಕಾಯ್ದೆ ಇನ್ನೂ ಕಟ್ಟುನಿಟ್ಟಾಗಿದೆ. 202ನೇ ಕಲಮಿನ ಪರಂತುಕದಂತೆ (ಕಲಮಿಗೆ ಸೇರಿಸಿದ ಷರತ್ತಿನಂತೆ), ಕುಡಿದು ಚಾಲನೆಗಾಗಿ ಬಂಧಿಸಿದವನನ್ನು ಬಂಧನದಿಂದ ಎರಡು ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ಪರೀಕ್ಷೆಗೆ ಒಳಪಡಿಸಬೇಕು, ತಪ್ಪಿದರೆ ಅವನನ್ನು ಬಿಡುಗಡೆ ಮಾಡಬೇಕು. ಏಕೆ ಎರಡು ಗಂಟೆ? ಸಾಮಾನ್ಯ ಆರೋಗ್ಯವಂತನ ದೇಹ ಗಂಟೆಗೆ, ಪ್ರತಿ 100 ಮಿಲಿಲೀಟರ್ ರಕ್ತದಲ್ಲಿ ಸುಮಾರು 15 ಮಿಲಿಗ್ರಾಂನಷ್ಟು ಮದ್ಯಾಂಶವನ್ನು ಇಳಿಸುತ್ತದೆ. ರಾತ್ರಿ ಹನ್ನೊಂದಕ್ಕೆ 50 ಇದ್ದದ್ದು ಒಂದು ಗಂಟೆಗೆ 20ಕ್ಕೆ ಬಂದಿರಬಹುದು. ತಡವಾದಷ್ಟೂ ಸತ್ಯ ಮಸುಕಾಗುತ್ತದೆ, ಪೊಲೀಸರಿಗೂ, ಚಾಲಕನಿಗೂ. ಇದೇ ಲೆಕ್ಕ ಇನ್ನೊಂದು ಎಚ್ಚರಿಕೆಯನ್ನೂ ಕೊಡುತ್ತದೆ: ನಡುರಾತ್ರಿಯವರೆಗೆ ಚೆನ್ನಾಗಿ ಕುಡಿದು ಮಲಗಿ, ಬೆಳಿಗ್ಗೆ ಐದಕ್ಕೆ ವಿಮಾನ ನಿಲ್ದಾಣದ ಬಾಡಿಗೆಗೆ ಹೊರಟವನು ತಾನು ಕುಡಿದು ಓಡಿಸುತ್ತಿಲ್ಲ ಎಂದು ನಂಬಿರುತ್ತಾನೆ, ಆದರೆ ಅವನ ರಕ್ತ ಇನ್ನೂ 30ರ ಮೇಲಿರಬಹುದು.

ಎರಡು ಗಂಟೆ ಮೀರಿದ್ದಕ್ಕೆ ಬಿಡುಗಡೆಯಾದರೆ ಅದು ಬಂಧನದಿಂದ ಬಿಡುಗಡೆ ಮಾತ್ರ. ಪ್ರಕರಣದಿಂದ ಖುಲಾಸೆ ಎಂದು ತಿಳಿಯಬೇಡಿ. ಆದರೆ ವೈದ್ಯಕೀಯ ದಾಖಲೆ ಇಲ್ಲದೆ ಬರೀ ವಾಸನೆ, ತೂರಾಟಗಳ ಮೇಲೆ ನಿಂತ ಸಾಕ್ಷ್ಯ ಎಷ್ಟು ದುರ್ಬಲ ಎಂಬುದನ್ನು ಬಚ್ಚುಭಾಯಿ ಹಸನಲ್ಲಿ ಕರಿಯಾನಿ ಪ್ರಕರಣದಲ್ಲಿ 1971ರಲ್ಲಿ ಸುಪ್ರೀಂ ಕೋರ್ಟ್ ತೋರಿಸಿತು. ವೈದ್ಯರು ಬಾಯಿಯ ವಾಸನೆ, ಅಸ್ಥಿರ ನಡಿಗೆ, ತೊದಲು ಮಾತು, ಹಿಗ್ಗಿದ ಕಣ್ಣಿನ ಪಾಪೆಗಳನ್ನು ಬರೆದಿದ್ದರು, ರಕ್ತ ಪರೀಕ್ಷೆ ಮಾಡಿಸಿರಲಿಲ್ಲ. ಅಷ್ಟರಿಂದ ಕುಡಿದಿದ್ದನೆಂದು ತೀರ್ಮಾನಿಸಲು ನ್ಯಾಯಾಲಯ ಒಪ್ಪಲಿಲ್ಲ. ಬಂಧಿತನಾದ ಪ್ರತಿಯೊಬ್ಬನ ವೈದ್ಯಕೀಯ ಪರೀಕ್ಷೆ ಆಗಬೇಕು, ಅದರ ವರದಿಯ ಪ್ರತಿ ಅವನಿಗೆ ಸಿಗಬೇಕು ಎಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿಯ ಜಾಗಕ್ಕೆ ಬಂದ ಕಾಯ್ದೆಯ) 53ನೇ ಕಲಂ ಕೂಡ ಹೇಳುತ್ತದೆ. ಮಹಿಳೆಯ ರಕ್ತವನ್ನು ಪುರುಷ ವೈದ್ಯರು ತೆಗೆಯುವುದಾದರೆ ಇನ್ನೊಬ್ಬ ಮಹಿಳೆ ಹಾಜರಿರಲೇಬೇಕು.

ಬಂಧನವಾದಾಗಿನ ಉಳಿದ ಹಕ್ಕುಗಳು ಯಾವುದೇ ಬಂಧನಕ್ಕೆ ಇರುವಂಥವೇ: ಕಾರಣವನ್ನು ತಿಳಿಸಬೇಕು, ನೀವು ಹೇಳಿದ ಸಂಬಂಧಿಕರಿಗೆ ಅಥವಾ ಸ್ನೇಹಿತರಿಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. 185ನೇ ಕಲಮಿನ ಅಪರಾಧ ಜಾಮೀನಿಗೆ ಅರ್ಹವಾದದ್ದು, ಹಾಗಾಗಿ ಠಾಣೆಯಲ್ಲೇ ಜಾಮೀನು ಕೇಳುವುದು ನಿಮ್ಮ ಹಕ್ಕು. ಸೂರ್ಯಾಸ್ತದ ನಂತರ ಸೂರ್ಯೋದಯದ ಮೊದಲು ಮಹಿಳೆಯನ್ನು ಬಂಧಿಸುವುದಕ್ಕೆ ಅಸಾಧಾರಣ ಕಾರಣ, ಮಹಿಳಾ ಅಧಿಕಾರಿ ಮತ್ತು ಮ್ಯಾಜಿಸ್ಟ್ರೇಟರ ಪೂರ್ವಾನುಮತಿ ಬೇಕು. ನಾಕಾಬಂದಿ ನಡೆಯುವುದೇ ರಾತ್ರಿಯಾದ್ದರಿಂದ ಈ ಸಭೆಯಲ್ಲಿರುವ ಚಾಲಕಿಯರು ಇದನ್ನು ತಿಳಿದಿರಬೇಕು. ಊದುವುದರಿಂದ ಮಾತ್ರ ಇದು ವಿನಾಯಿತಿ ಕೊಡುವುದಿಲ್ಲ.

ನಿಮ್ಮ ಹೊಟ್ಟೆಪಾಡಿಗೆ ನೇರವಾಗಿ ತಟ್ಟುವುದು ಡಿಎಲ್ ಮತ್ತು ಗಾಡಿ. 2019ರ ತಿದ್ದುಪಡಿಯ ನಂತರ 206(4)ನೇ ಉಪಕಲಮಿನಂತೆ ಡಿಎಲ್ ವಶಪಡಿಸಿಕೊಂಡು ಆರ್‌ಟಿಒಗೆ ಕಳುಹಿಸುವ ಅಧಿಕಾರ ಪೊಲೀಸರಿಗಿದೆ. ವಶಪಡಿಸಿಕೊಂಡದ್ದಕ್ಕೆ ತಾತ್ಕಾಲಿಕ ಸ್ವೀಕೃತಿ ಕೊಡಲೇಬೇಕು. ಬೇರೆ ಸಂದರ್ಭಗಳಲ್ಲಿ ಇಂಥ ಸ್ವೀಕೃತಿ ಇಟ್ಟುಕೊಂಡು ಗಾಡಿ ಓಡಿಸಬಹುದು. ಈ ಉಪಕಲಮಿನಡಿ ಕೊಟ್ಟ ಸ್ವೀಕೃತಿಯಿಂದ ಓಡಿಸುವಂತಿಲ್ಲ. ಈ ವ್ಯತ್ಯಾಸ ತಿಳಿಯದೆ ಮರುದಿನವೇ ಬಾಡಿಗೆಗೆ ಹೊರಟು ಎರಡನೆಯ ಪ್ರಕರಣ ಹಾಕಿಸಿಕೊಳ್ಳಬೇಡಿ.

ಗಾಡಿಯ ವಿಷಯ ಬೇರೆ. ವಾಹನ ಹಿಡಿದಿಡುವ 207ನೇ ಕಲಂ ಹೇಳುವುದು ಡಿಎಲ್, ನೋಂದಣಿ, ಪರ್ಮಿಟ್ ಇತ್ಯಾದಿ ಇಲ್ಲದ ಸಂದರ್ಭಗಳನ್ನು. ಅದರಲ್ಲಿ 185ನೇ ಕಲಮಿನ ಹೆಸರಿಲ್ಲ. ಕುಡಿದವನ ಕೈಗೆ ಮತ್ತೆ ಸ್ಟೇರಿಂಗ್ ಕೊಡಲಾಗದು ಎಂಬುದು ಸರಿ, ಆದರೆ ಅದಕ್ಕೆ ಗಾಡಿಯನ್ನೇ ವಾರಗಟ್ಟಲೆ ಠಾಣೆಯ ಅಂಗಳದಲ್ಲಿ ಬಿಸಿಲಿಗೆ ಒಣಗಿಸಬೇಕೇ? ತೆಲಂಗಾಣ ಹೈಕೋರ್ಟ್ 2021ರ ನವೆಂಬರ್‌ನಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಎದುರಿಸಿತು. ಜೊತೆಯಲ್ಲಿ ಕುಡಿಯದ, ಡಿಎಲ್ ಇರುವ ವ್ಯಕ್ತಿ ಇದ್ದರೆ ಅವರಿಗೆ ಗಾಡಿ ಬಿಡಬೇಕು, ಇಲ್ಲವಾದರೆ ಸಂಬಂಧಿಕರನ್ನೋ ಸ್ನೇಹಿತರನ್ನೋ ಕರೆಸಬೇಕು, ಯಾರೂ ಬರದಿದ್ದರೆ ಮಾತ್ರ ಸುರಕ್ಷಿತ ಜಾಗಕ್ಕೆ ಸಾಗಿಸಿ, ದಾಖಲೆ ತೋರಿಸಿದ ಮಾಲೀಕನಿಗೆ ಒಪ್ಪಿಸಬೇಕು ಎಂದು ಅದು ನಿರ್ದೇಶಿಸಿತು. ಆ ತೀರ್ಪು ಕರ್ನಾಟಕದ ನ್ಯಾಯಾಲಯಗಳನ್ನು ಕಟ್ಟಿಹಾಕದು. ಆದರೂ ಒಂದೇ ಕೇಂದ್ರ ಕಾಯ್ದೆಯ ಮೇಲಿನ ತೀರ್ಪಾದ್ದರಿಂದ ಇಲ್ಲಿ ಮುಂದಿಡಲು ಯೋಗ್ಯವಾದದ್ದು. ನಾಕಾಬಂದಿಯಲ್ಲಿ ನೀವು ಮಾಡಬೇಕಾದದ್ದು ಇಷ್ಟೇ: ಕುಡಿಯದ ಒಬ್ಬರಿಗೆ ಕೂಡಲೇ ಫೋನ್ ಮಾಡಿ.

ಹಣದ ಬಗ್ಗೆ ಸ್ಪಷ್ಟವಾಗಿ ಹೇಳುತ್ತೇನೆ. ಸಿಗ್ನಲ್ ಜಿಗಿತ, ಹೆಲ್ಮೆಟ್ ಮುಂತಾದವನ್ನು ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಿಕೊಳ್ಳುವ ರೂಢಿ ನಿಮಗೆ ಗೊತ್ತು. ಹೀಗೆ ರಾಜಿಯಾಗಬಲ್ಲ ಅಪರಾಧಗಳ ಪಟ್ಟಿ 200ನೇ ಕಲಮಿನಲ್ಲಿದೆ, 185 ಆ ಪಟ್ಟಿಯಲ್ಲಿ ಇಲ್ಲ. ಆದ್ದರಿಂದ ಕುಡಿದು ಚಾಲನೆಗೆ ರಸ್ತೆಯ ಮೇಲೆ ದಂಡ ಕಟ್ಟಿಸಿಕೊಳ್ಳುವ ಅಧಿಕಾರ ಯಾವ ದರ್ಜೆಯ ಪೊಲೀಸರಿಗೂ ಇಲ್ಲ. ರಸ್ತೆಯಲ್ಲಿ ಕೈ ಬದಲಾಗುವ ಹಣ ಏನೆಂದು ನಿಮಗೂ ಗೊತ್ತು, ಕೊಡುವುದೂ ಅಪರಾಧವೇ. ದಂಡವನ್ನು ನಿರ್ಧರಿಸುವುದು ನ್ಯಾಯಾಲಯ: ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ, ಮತ್ತೆ ಸಿಕ್ಕಿಬಿದ್ದರೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ಅಥವಾ ಎರಡೂ.

ನ್ಯಾಯಾಲಯದಲ್ಲಿ ಹೆಚ್ಚಿನವರು ಸರದಿಯಲ್ಲಿ ನಿಂತು, ತಪ್ಪೊಪ್ಪಿಕೊಂಡು, ಹತ್ತು ಸಾವಿರ ಕಟ್ಟಿ ಹೊರಡುತ್ತಾರೆ. ನಿಜವಾಗಿ ಕುಡಿದಿದ್ದವನು ಒಪ್ಪಿಕೊಳ್ಳುವುದರಲ್ಲಿ ತಪ್ಪಿಲ್ಲ, ಅದು ಗೌರವದ ಹಾದಿಯೇ. ಆದರೆ ಅದು ಬರೀ ದಂಡ ಎಂದುಕೊಳ್ಳಬೇಡಿ. ಅದು ಶಿಕ್ಷೆಯ ದಾಖಲೆ. ಮುಂದಿನ ಸಲಕ್ಕೆ ನೀವು ಎರಡನೆಯ ಸಲದ ಅಪರಾಧಿ. ಅಪಘಾತವೂ ಆಗಿದ್ದರೆ ವಿಮೆಯ ಪ್ರಶ್ನೆ ಬರುತ್ತದೆ: ಉಸಿರು ಅಥವಾ ರಕ್ತದ ಪರೀಕ್ಷೆ ನಡೆಯದಿದ್ದರೂ ಬೇರೆ ಸಂದರ್ಭ ಸಾಕ್ಷ್ಯಗಳಿಂದ ಚಾಲಕ ಕುಡಿದಿದ್ದನೆಂದು ತೋರಿಸಿ ವಿಮಾ ಕಂಪನಿಯು ವಾಹನದ ನಷ್ಟದ ಹಕ್ಕನ್ನು ನಿರಾಕರಿಸಬಹುದು ಎಂದು ಪರ್ಲ್ ಬೆವರೇಜಸ್ ಪ್ರಕರಣದಲ್ಲಿ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದಂಡ ಕಟ್ಟಿದ ಮೇಲೂ ಡಿಎಲ್ ಪ್ರಕ್ರಿಯೆ ಆರ್‌ಟಿಒದಲ್ಲಿ ಪ್ರತ್ಯೇಕವಾಗಿ ನಡೆಯುತ್ತದೆ. 19ನೇ ಕಲಮಿನಂತೆ ಮೊದಲ ಸಲಕ್ಕೆ ಮೂರು ತಿಂಗಳು ಅನರ್ಹತೆ, ಮತ್ತೊಮ್ಮೆಯಾದರೆ ಡಿಎಲ್ ರದ್ದು. ಆದರೆ ಅದಕ್ಕೆ ಮುನ್ನ ನಿಮ್ಮ ಅಹವಾಲು ಹೇಳಿಕೊಳ್ಳಲು ಅವಕಾಶ ಕೊಡಬೇಕು, ಆದೇಶಕ್ಕೆ ಕಾರಣಗಳನ್ನು ಲಿಖಿತವಾಗಿ ಕೊಡಬೇಕು. ನೋಟಿಸು ಬಂದಾಗ ಹಳೆಯ ವಿಳಾಸಕ್ಕೆ ಹೋಗಿ ವಾಪಸಾಗುವ ಪ್ರಸಂಗಗಳೇ ಹೆಚ್ಚು. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಡಿಎಲ್ ವಿಳಾಸವನ್ನೂ ಬದಲಿಸಿಕೊಳ್ಳಿ. ಆದೇಶ ಒಪ್ಪಿಗೆಯಾಗದಿದ್ದರೆ ಅದು ಕೈಸೇರಿದ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. ವಕೀಲರನ್ನು ಇಟ್ಟುಕೊಳ್ಳಲು ಹಣವಿಲ್ಲದವರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಇದೆ. ಪೊಲೀಸ್ ವಶದಲ್ಲಿರುವವರು, ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯನ್ನು ನೋಡದೆ ಅದು ಸಿಗುತ್ತದೆ. ರಾಷ್ಟ್ರೀಯ ಸಹಾಯವಾಣಿಯ ಸಂಖ್ಯೆ 15100.